ಅಸ್ತಿಭಾರದ ಕೆಳಗಣ ಮಣ್ಣು ಮತ್ತು ಪರಿಮಿತಾಂಶ ಗಣಿತ

ಶಾಸನ, ವ್ಯಾಕರಣ, ಕಾವ್ಯವಿಚಾರಗಳ ನಡುವೆ ಅಸ್ತಿಭಾರದ ಮಣ್ಣಿಗೇನು ಕೆಲಸವೆಂದು ವಾಚಕರು ಕೇಳಬಹುದು. ಆದರೆ ನಾವು ಪಾಠ ಹೇಳುವ ಶಾಲೆಯೂ, ಓಲೆಗರಿಗಳನ್ನಿಡುವ ಭಂಡಾರವೂ ನೆಲದ ಮೇಲೆಯೇ ನಿಂತಿರುವುವಷ್ಟೆ. ಬಂಟ್ವಾಳದ ಸೀಮೆಯಲ್ಲಿ ನಾನು ಪಾಠ ಹೇಳುತ್ತಿದ್ದ ಒಂದು ಪಾಠಶಾಲೆಗೆ ಕೆಲವು ವರ್ಷಗಳ ಹಿಂದೆ ಗುಡ್ಡದ ಅಂಚನ್ನು ಕಡಿದು ಹೊಸ ಕೊಠಡಿಯೊಂದನ್ನು ಕಟ್ಟಿದರು. ನೆಲವನ್ನು ನೋಡಿದ್ದು ಬೇಸಗೆಯಲ್ಲಿ. ಆಗ ಅದು ಹಾರೆಗೂ ಬಗ್ಗದಷ್ಟು ಗಟ್ಟಿಯಾಗಿದ್ದಿತು. ಗಣಕಯಂತ್ರದಲ್ಲಿ ಲೆಕ್ಕವನ್ನು ಮಾಡಿ, ಭಯವೇನೂ ಇಲ್ಲವೆಂದು ಬಣ್ಣದ ಚಿತ್ರವನ್ನೂ ತೋರಿಸಿದ್ದಾಯಿತು. ಎರಡನೆಯ ಮಳೆಗಾಲದಲ್ಲಿ ಮೂಲೆಯ ಗೋಡೆಯು ಓರೆಯಾಗಿ ಬಿರಿಯಿತು. ಮಕ್ಕಳನ್ನು ಬೇರೆಡೆಯಲ್ಲಿ ಕೂರಿಸಬೇಕಾಯಿತು. ವಿಚಾರಿಸಲಾಗಿ ಕೂಡುವುದು ಕಳೆಯುವುದರಲ್ಲಿ ದೋಷವು ಕಾಣಲಿಲ್ಲ. ಲೆಕ್ಕಕ್ಕೆ ಕೊಟ್ಟ ಮಣ್ಣು ಬೇಸಗೆಯದು, ಗೋಡೆಯು ನಿಲ್ಲಬೇಕಾದ ಮಣ್ಣು ಆಷಾಢದ್ದು, ದೋಷವಿದ್ದುದು ಅಲ್ಲಿ. ಈ ಭೇದವನ್ನು ವಿಶದಪಡಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಮೊದಲು ನೆಲದ ಸ್ವರೂಪವನ್ನು ನೋಡೋಣ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಗುಡ್ಡಗಳಲ್ಲಿ ಸಾಮಾನ್ಯವಾಗಿ ಕಾಣುವ ಮೇಲ್ಪದರವು ಮುರಕಲ್ಲು. ಇದನ್ನೇ ಜಂಬಿಟ್ಟಿಗೆಯೆಂದೂ ಹೇಳುವರು. ೧೮೦೧ರಲ್ಲಿ ಈ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ನನು, ಮಲೆಯಾಳದ ಅಂಗಾಡಿಪುರದಲ್ಲಿ ಕಂಡ ಇದೇ ಜಾತಿಯ ಕಲ್ಲಿಗೆ, ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲನ್ನು ಇಟ್ಟಿಗೆಯಂತೆ ಕತ್ತರಿಸಿ ಕಟ್ಟುವರು. ನಮ್ಮ ಜಂಬಿಟ್ಟಿಗೆಯೆಂಬ ಮಾತಿನಲ್ಲಿಯೂ ಇಟ್ಟಿಗೆಯೇ ಅಡಗಿರುವುದನ್ನು ಶಬ್ದಜಿಜ್ಞಾಸುಗಳು ಗಮನಿಸಬಹುದು.

ಈ ಮುರಕಲ್ಲಿನ ಅಡಿಯಲ್ಲಿರುವುದು ಶೇಡಿಮಣ್ಣು. ಬಿಳುಪು, ನಸುಗೆಂಪು, ಹಳದಿ ಬಣ್ಣಗಳು ಬೆರೆತ ನುಣ್ಣನೆಯ ಮಣ್ಣಿದು. ಬಂಡೆಯು ಇದ್ದಲ್ಲಿಯೇ ಬಹುಕಾಲಕ್ಕೆ ಶಿಥಿಲವಾಗಿ ಆದುದು. ಭೂವಿಜ್ಞಾನಿಗಳು ಇದನ್ನು ‘ಲಿಥೋಮಾರ್ಜ್’ ಎನ್ನುವರು. ಒಣಗಿದಾಗ ಇದು ಕಲ್ಲಿಗೆ ಸಮಾನ. ನೀರುಂಡಾಗ ಬಲವನ್ನು ಬಹುಮಟ್ಟಿಗೆ ಕಳೆದುಕೊಂಡು ಜಾರುವುದು, ಹರಿವ ನೀರಿಗೆ ಕೊಚ್ಚಿಹೋಗುವುದು. ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ವಿದ್ವಾಂಸರು ಇದರ ಗುಣದೋಷಗಳನ್ನು ವಿಸ್ತಾರವಾಗಿ ಪರೀಕ್ಷಿಸಿರುವರು. ಮೇಲಣ ಮುರಕಲ್ಲು ಮುರಿಯದಿದ್ದಷ್ಟು ಕಾಲ ಅದು ಶೇಡಿಗೆ ಕವಚದಂತಿರುವುದು. ಗುಡ್ಡವನ್ನು ನೆಟ್ಟಗೆ ಕಡಿದೊಡನೆ ಕವಚವು ಹೋಗಿ ಒಳಗಣ ಮಣ್ಣು ಮಳೆಗೆ ಮೈಯೊಡ್ಡುವುದು. ಮಳೆಯಾದರೋ ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರು. ಅದರಲ್ಲಿ ಬಹುಭಾಗವು ಜೂನ್ ಮೊದಲುಗೊಂಡು ಸೆಪ್ಟೆಂಬರಿನೊಳಗೇ ಬೀಳತಕ್ಕುದು. ೨೦೧೯ರ ಆಗಸ್ಟಿನಲ್ಲಿ ಬೆಳ್ತಂಗಡಿಯ ಕಡೆಯ ಚಾರ್ಮಾಡಿ ಘಟ್ಟದಲ್ಲಿ ಗುಡ್ಡಗಳು ಜಾರಿ ಮಾರ್ಗವು ಕಟ್ಟಿಹೋದುದನ್ನು ಬಲ್ಲವರಿಗೆ ನೀರುಂಡ ಮಣ್ಣಿನ ಶಕ್ತಿಯನ್ನು ಬೇರೆ ಹೇಳಬೇಕಾಗಿಲ್ಲ.

ಭೂಪರೀಕ್ಷೆಯು ನಮ್ಮವರಿಗೆ ಹೊಸತಲ್ಲ. ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುವಿದ್ಯಾಧ್ಯಾಯದಲ್ಲಿ ಎರಡು ಕ್ರಮಗಳನ್ನು ವಿಧಿಸಿರುವನು. ಒಂದು ಹಸ್ತದ ಗುಂಡಿಯನ್ನು ತೋಡಿ, ತೆಗೆದ ಮಣ್ಣಿನಿಂದಲೇ ಅದನ್ನು ಮರಳಿ ತುಂಬಬೇಕು. ಮಣ್ಣು ಮಿಕ್ಕರೆ ಉತ್ತಮ, ಸಮವಾದರೆ ಮಧ್ಯಮ, ಸಾಲದಾದರೆ ಅನಿಷ್ಟ. ಅಥವಾ ಗುಂಡಿಗೆ ನೀರು ತುಂಬಿ ನೂರು ಹೆಜ್ಜೆ ನಡೆದು ಹಿಂದಿರುಗಿ, ನೀರು ಇಂಗಿತೋ ಇಲ್ಲವೋ ನೋಡಬೇಕು. ಮೊದಲನೆಯದರಿಂದ ನೆಲದ ಸಾಂದ್ರತೆಯೂ, ಎರಡನೆಯದರಿಂದ ನೀರಿನೊಡನೆ ಅದರ ವರ್ತನೆಯೂ ತಿಳಿಯುವುವು. ಆಚಾರ್ಯನು ಮಣ್ಣನ್ನು ಮಾತ್ರ ಕೇಳಿ ಬಿಡಲಿಲ್ಲ, ನೀರನ್ನೂ ಕೇಳಿದನೆಂಬುದು ಇಲ್ಲಿ ಮುಖ್ಯವು.

ಇನ್ನು ಆಧುನಿಕರ ಕ್ರಮ. ೧೮೬೭ರಲ್ಲಿ ವಿಂಕ್ಲರನು ನೆಲವನ್ನು ಸಾಲಾಗಿ ನಿಲ್ಲಿಸಿದ ಸ್ಪ್ರಿಂಗುಗಳೆಂದು ಭಾವಿಸಿ ಲೆಕ್ಕ ಹಾಕಿದನು. ಇದರಲ್ಲಿ ಒಂದು ಸ್ಪ್ರಿಂಗು ಕುಗ್ಗಿದರೆ ನೆರೆಯದಕ್ಕೆ ಅದರ ಅರಿವಿಲ್ಲ; ನಿಜವಾದ ಮಣ್ಣಾದರೋ ತಾನು ಕುಸಿಯುವಾಗ ನೆರೆಯನ್ನೂ ಎಳೆಯುವುದು. ಈ ನ್ಯೂನತೆಯನ್ನು ಕಳೆಯತಕ್ಕುದು ‘ಫೈನೈಟ್ ಎಲಿಮೆಂಟ್’ ಎಂಬ ಪದ್ಧತಿ. ಇದನ್ನು ಪರಿಮಿತಾಂಶ ಪದ್ಧತಿಯೆಂದು ಕರೆಯೋಣ. ೧೯೫೬ರಲ್ಲಿ ಟರ್ನರ್, ಕ್ಲಫ್ ಮೊದಲಾದವರು ವಿಮಾನದ ರೆಕ್ಕೆಗಳ ಬಲವನ್ನು ಎಣಿಸುವುದಕ್ಕಾಗಿ ಇದನ್ನು ಬೆಳಸಿದರು. ಕ್ಲಫನು ೧೯೬೦ರಲ್ಲಿ ಆ ಹೆಸರನ್ನಿಟ್ಟನು. ಮುಂದೆ ಇದು ಮಣ್ಣಿನ ವಿಚಾರಕ್ಕೂ ಬಂದಿತು. ಹಾಲೆಂಡಿನ ಡೆಲ್ಫ್ಟ್ ವಿಶ್ವವಿದ್ಯಾನಿಲಯದಲ್ಲಿ ೧೯೮೭ರಲ್ಲಿ ನದೀತೀರದ ಮೆತ್ತನೆಯ ನೆಲದ ಏರಿಗಳಿಗೆಂದು ಹುಟ್ಟಿದ ‘ಪ್ಲಾಕ್ಸಿಸ್’ ಎಂಬ ಗಣಕಕ್ರಮವು ಇಂದು ಪ್ರಪಂಚದಲ್ಲೆಲ್ಲ ಬಳಕೆಯಲ್ಲಿರುವುದು.

ಪದ್ಧತಿಯ ತತ್ತ್ವವು ಸುಲಭವಾದುದು. ಇಡಿಯಾಗಿ ಎಣಿಸಲಾಗದುದನ್ನು ಬಿಡಿಯಾಗಿ ಒಡೆದು ಎಣಿಸಿ ಮರಳಿ ಕೂಡಿಸುವುದು. ಭಾಸ್ಕರಾಚಾರ್ಯನು ಗೋಲದ ಮೇಲ್ಮೈಯನ್ನು ನೆಲ್ಲಿಕಾಯಿಯ ಗೆರೆಗಳಂತೆ ಹೋಳುಗಳಾಗಿ ವಿಭಾಗಿಸಿ ಅದರ ಫಲವನ್ನು ಸಾಧಿಸಿದುದು ಗಣಿತಜ್ಞರಿಗೆ ತಿಳಿದುದೇ. ಇಲ್ಲಿಯೂ ಹಾಗೆಯೇ, ಕಟ್ಟಡದ ಅಗಲಕ್ಕೆ ಹಲವು ಮಡಿಯಷ್ಟು ನೆಲದ ಸೀಳುಚಿತ್ರವನ್ನು ಬರೆದು, ಅದನ್ನು ಸಣ್ಣ ತ್ರಿಕೋನಗಳ ಬಲೆಯಾಗಿ ಒಡೆಯುವರು. ತ್ರಿಕೋನಗಳು ಸೇರುವ ಎಡೆಗಳು ಸಂಧಿಬಿಂದುಗಳು. ಒಂದು ಬಿಂದುವು ಸರಿದರೆ ಅದನ್ನು ಹಂಚಿಕೊಂಡ ತ್ರಿಕೋನಗಳೆಲ್ಲವೂ ವಿಕಾರಗೊಳ್ಳುವುವು. ಹೀಗೆ ನೆರೆಹೊರೆಯ ಸಂಬಂಧವು ಲೆಕ್ಕದೊಳಗೆ ಸೇರುವುದು. ಬಲೆಯ ತಳವು ಕದಲದೆಂದೂ, ಪಕ್ಕಗಳು ಮೇಲೆ ಕೆಳಗೆ ಮಾತ್ರ ಸರಿಯಬಹುದೆಂದೂ ಮೇರೆಯನ್ನು ವಿಧಿಸುವರು. ಬಳಿಕ ಒಂದೊಂದು ಪದರಕ್ಕೂ ಅದರ ತೂಕ, ಪೆಡಸುತನ, ಕಣಗಳ ಅಂಟು, ಘರ್ಷಣಕೋನ, ನೀರನ್ನು ಬಿಡುವ ಗುಣ ಇವುಗಳ ಅಂಕಿಗಳನ್ನು ಕೊಡುವರು. ನೆಲವು ತನ್ನ ಭಾರವನ್ನು ಮೊದಲೇ ಹೊತ್ತಿರುವುದರಿಂದ ಆ ಒತ್ತಡವನ್ನು ಮುಂಚೆ ಎಣಿಸಿ, ಅನಂತರ ಗುಡ್ಡದ ಕಡಿತ, ಅಸ್ತಿಭಾರ, ಗೋಡೆ, ಛಾವಣಿಗಳನ್ನು ಕಟ್ಟುವ ಕ್ರಮದಲ್ಲಿಯೇ ಹಂತಹಂತವಾಗಿ ಏರಿಸುವರು. ಯಂತ್ರವು ಸಾವಿರಾರು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಿ ಎಲ್ಲೆಲ್ಲಿ ಎಷ್ಟೆಷ್ಟು ಕುಸಿತವೆಂಬುದನ್ನು ತಿಳಿಸುವುದು. ಮಣ್ಣಿನ ಬಲವನ್ನು ಲೆಕ್ಕದಲ್ಲಿ ಸ್ವಲ್ಪಸ್ವಲ್ಪವಾಗಿ ತಗ್ಗಿಸುತ್ತ, ಎಷ್ಟಕ್ಕೆ ನೆಲವು ಸೋಲುವುದೆಂದು ನೋಡಿ ಕ್ಷೇಮದ ಪ್ರಮಾಣವನ್ನೂ ನಿಶ್ಚಯಿಸಬಹುದು.

ಇದರಲ್ಲಿ ನೀರಿನ ಪಾತ್ರವೇನು? ೧೯೨೫ರಲ್ಲಿ ಮೃದ್ಯಂತ್ರಶಾಸ್ತ್ರದ ಗ್ರಂಥವನ್ನು ಪ್ರಕಟಿಸಿದ ಟೆರ್ಜಾಗಿಯ ಸಿದ್ಧಾಂತದಂತೆ, ಮಣ್ಣಿನ ಬಲವು ಒಟ್ಟು ಒತ್ತಡದಿಂದ ಬರುವುದಲ್ಲ. ಅದರಿಂದ ರಂಧ್ರಜಲದ ಒತ್ತಡವನ್ನು ಕಳೆದು ಉಳಿದುದು ಮಾತ್ರ ಕಣದಿಂದ ಕಣಕ್ಕೆ ಮುಟ್ಟಿ ಘರ್ಷಣೆಯನ್ನು ಹುಟ್ಟಿಸುವುದು. ಘನಮೀಟರಿಗೆ ೧೮ ಕಿಲೋನ್ಯೂಟನ್ ತೂಗುವ ಮಣ್ಣಿನಲ್ಲಿ ೩ ಮೀಟರು ಆಳಕ್ಕೆ ಒತ್ತಡವು ಚದರ ಮೀಟರಿಗೆ ೫೪. ನೀರು ನೆಲಮಟ್ಟಕ್ಕೆ ಏರಿ ನಿಂತಿತೆನ್ನೋಣ. ತೂಕವನ್ನು ಅಷ್ಟೇ ಇಟ್ಟುಕೊಂಡರೂ ಅದೇ ಆಳದಲ್ಲಿ ನೀರಿನ ಒತ್ತಡವು ಸುಮಾರು ೨೯. ಉಳಿದುದು ೨೫ ಮಾತ್ರ. ಘರ್ಷಣೆಯಿಂದ ಬರುವ ಬಲವು ಹೀಗೆ ಅರ್ಧಕ್ಕಿಂತ ಕಡಮೆಯಾಯಿತು. ಶೇಡಿಮಣ್ಣಿನಲ್ಲಾದರೋ ಕಣಗಳ ಅಂಟು ಕೂಡ ನೀರಿನಿಂದ ಕರಗುವುದರಿಂದ ನಷ್ಟವು ಇಮ್ಮಡಿಯಾಗುವುದು.

ಇಲ್ಲಿ ನ್ಯಾಯಶಾಸ್ತ್ರದ ಒಂದು ವಿಷಯವು ನೆನಪಿಗೆ ಬರುವುದು. ಬೆಟ್ಟದಲ್ಲಿ ಬೆಂಕಿಯಿರುವುದರಿಂದ ಹೊಗೆಯಿದೆಯೆಂಬ ಅನುಮಾನವು ಸಲ್ಲದೆಂದು ಅನ್ನಂಭಟ್ಟನ ತರ್ಕಸಂಗ್ರಹವನ್ನೋದಿದ ಬಾಲಕನೂ ಬಲ್ಲನು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹಸಿಯ ಸೌದೆಯ ಸಂಯೋಗವೆಂಬ ಉಪಾಧಿಯಿದ್ದರೆ ಮಾತ್ರ ಹೊಗೆಯು. ಹಾಗೆಯೇ ‘ಈ ನೆಲವು ಭಾರವನ್ನು ತಾಳುವುದು, ಶೇಡಿಮಣ್ಣಾದುದರಿಂದ’ ಎಂಬ ಅನುಮಾನಕ್ಕೂ ಉಪಾಧಿಯೊಂದುಂಟು. ಅಲ್ಲಿ ಆರ್ದ್ರತೆಯು ಉಪಾಧಿಯಾದರೆ ಇಲ್ಲಿ ಶುಷ್ಕತೆಯು. ಗಣಕಯಂತ್ರವು ಅನುಮಾನದಲ್ಲಿ ಎಡವತಕ್ಕುದಲ್ಲ. ಆದರೆ ಉಪಾಧಿಯನ್ನು ತಾನಾಗಿ ಕಂಡುಹಿಡಿಯತಕ್ಕುದೂ ಅಲ್ಲ. ಬಲೆಯು ಎಷ್ಟು ಸಣ್ಣದಾದರೂ, ಚಿತ್ರವು ಎಷ್ಟು ಚೆಲುವಾದರೂ, ಕೊಟ್ಟ ಅಂಕಿಯು ಸೋಪಾಧಿಕವಾಗಿದ್ದರೆ ಫಲವೂ ಸೋಪಾಧಿಕವೇ.

ಆದುದರಿಂದ ಮಾಡತಕ್ಕುದಿಷ್ಟು. ಮುರಕಲ್ಲಿನ ಹೊದಿಕೆಯು ಒಂದೆಡೆ ದಪ್ಪವಾಗಿಯೂ ಮತ್ತೊಂದೆಡೆ ತೆಳುವಾಗಿಯೂ ಇರುವುದರಿಂದ, ಒಂದೇ ಗುಂಡಿಯಿಂದ ತೃಪ್ತರಾಗದೆ ಹಲವೆಡೆ ಕೊರೆದು ಶೇಡಿಯು ಎಲ್ಲಿ ಮೊದಲಾಗುವುದೆಂದು ತಿಳಿಯಬೇಕು. ಆ ಮಣ್ಣನ್ನು ಪ್ರಯೋಗಶಾಲೆಯಲ್ಲಿ ಚೆನ್ನಾಗಿ ನೆನಸಿ ಬಲವನ್ನು ಅಳೆಯಬೇಕು. ಒಣನೆಲಕ್ಕೊಂದು, ನೀರು ತುಂಬಿದ ನೆಲಕ್ಕೊಂದು ಎಂದು ಎರಡಾವರ್ತಿ ಲೆಕ್ಕಮಾಡಿ, ಎರಡನೆಯದನ್ನೇ ಪ್ರಮಾಣವಾಗಿ ಹಿಡಿಯಬೇಕು. ಕಡಿದ ಗುಡ್ಡದ ಮೇಲಣ ನೀರನ್ನು ಚರಂಡಿಯಿಂದ ದೂರಕ್ಕೆ ತಿರುಗಿಸಬೇಕು.

ಮೂಡುಬಿದಿರೆಯಲ್ಲಿ ೧೪೩೦ರ ಸಾವಿರ ಕಂಬದ ಬಸದಿಯೂ, ವೇಣೂರಿನಲ್ಲಿ ೧೬೦೪ರ ೩೫ ಅಡಿಯ ಗೊಮ್ಮಟಮೂರ್ತಿಯೂ ನೂರಾರು ಮಳೆಗಾಲಗಳನ್ನು ಕಂಡು ನಿಂತಿರುವುವು. ನಮ್ಮ ಶಾಲೆಗಳು ಅಷ್ಟು ಶತಮಾನ ನಿಲ್ಲದಿದ್ದರೂ, ಓದುವ ಮಕ್ಕಳು ದೊಡ್ಡವರಾಗುವಷ್ಟು ಕಾಲವಾದರೂ ನಿಲ್ಲಬೇಡವೇ? ವಿದ್ಯಾಸಂಸ್ಥೆಗಳ ಆಡಳಿತದಲ್ಲಿ ಭಾಗಿಗಳಾದ ಅಧ್ಯಾಪಕ ಮಹಾಶಯರು ಗಣಿತವನ್ನು ಅರಿಯದಿದ್ದರೂ ಬಾಧಕವಿಲ್ಲ. ‘ಮಣ್ಣನ್ನು ತೆಗೆದುದು ಯಾವ ತಿಂಗಳಲ್ಲಿ? ನೆನೆದರೆ ಅದರ ಬಲವೆಷ್ಟು?’ ಎಂಬೆರಡು ಪ್ರಶ್ನೆಗಳನ್ನು ಕಟ್ಟುವವರಲ್ಲಿ ಕೇಳಿದರೆ ಸಾಕೆಂದು ವಿಜ್ಞಾಪಿಸಿ ವಿರಮಿಸುವೆನು.