ಮೀನುಗಾರಿಕಾ ವಿಜ್ಞಾನ ಸ್ನಾತಕ ಪದವಿ (ಬಿ.ಎಫ್.ಎಸ್‌ಸಿ.): ಅರ್ಜಿ ಸಲ್ಲಿಸುವ ಮುನ್ನ ತಿಳಿದಿರಬೇಕಾದ ವಿಷಯಗಳು

ಪ್ರಸ್ತಾವನೆ

ಭಾರತದ ಪ್ರಥಮ ಮೀನುಗಾರಿಕಾ ಮಹಾವಿದ್ಯಾಲಯವು 1969ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಯಾಯಿತು. ಮೊದಲಿಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಅಂಗವಾಗಿದ್ದ ಈ ಮಹಾವಿದ್ಯಾಲಯವು ಈಗ ಬೀದರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿದೆ. ಇಲ್ಲಿ ನಾಲ್ಕು ವರ್ಷಗಳ, ಅಂದರೆ ಎಂಟು ಸೆಮಿಸ್ಟರ್‌ಗಳ, ಸ್ನಾತಕ ಪದವಿಯಲ್ಲದೆ ಎಂ.ಎಫ್.ಎಸ್‌ಸಿ. ಮತ್ತು ಪಿಎಚ್.ಡಿ. ವ್ಯಾಸಂಗಕ್ಕೂ ಅವಕಾಶವಿದೆ.

ವೈದ್ಯಕೀಯ ಸೀಟು ದೊರೆಯದಿದ್ದಾಗ ಉಳಿಯುವ ಆಯ್ಕೆ ಎಂದು ಹಲವರು ಈ ಪದವಿಯನ್ನು ಭಾವಿಸುವುದುಂಟು. ಹಾಗೆ ಸೇರಿದವರು ದೋಣಿ, ಕೊಳ ಹಾಗೂ ಮೀನು ಸಂಸ್ಕರಣಾ ಘಟಕಗಳಲ್ಲಿನ ಪ್ರಾಯೋಗಿಕ ಕೆಲಸವನ್ನು ಕಂಡು ನಿರಾಶರಾಗುವ ಸಂಭವವಿದೆ. ಆದುದರಿಂದ ವ್ಯಾಸಂಗದ ಸ್ವರೂಪವನ್ನು ಮೊದಲೇ ಅರಿತು ಅರ್ಜಿ ಸಲ್ಲಿಸುವುದು ಸೂಕ್ತ.

ಏನನ್ನು ಕಲಿಸಲಾಗುತ್ತದೆ?

ಇದು ಮೀನು ಹಿಡಿಯುವುದನ್ನು ಮಾತ್ರ ಕಲಿಸುವ ಪದವಿಯಲ್ಲ. ನೀರು, ನೀರಿನಲ್ಲಿರುವ ಜೀವಿಗಳು ಹಾಗೂ ಅವುಗಳನ್ನು ಅವಲಂಬಿಸಿದ ಜನರ ಜೀವನೋಪಾಯ, ಇವು ಮೂರನ್ನೂ ಒಟ್ಟಾಗಿ ಅಭ್ಯಸಿಸುವ ವೃತ್ತಿಪರ ಪದವಿ. ಇದರ ಪ್ರಮುಖ ವಿಭಾಗಗಳು:

1. ಜಲಕೃಷಿ (ಮೀನು ಮತ್ತು ಸಿಗಡಿ ಸಾಕಣೆ)
2. ಜಲಪರಿಸರ ನಿರ್ವಹಣೆ
3. ಜಲಚರಗಳ ಆರೋಗ್ಯ ನಿರ್ವಹಣೆ
4. ಮೀನು ಸಂಪನ್ಮೂಲ ನಿರ್ವಹಣೆ
5. ಮೀನು ಸಂಸ್ಕರಣಾ ತಂತ್ರಜ್ಞಾನ
6. ಮೀನುಗಾರಿಕಾ ಇಂಜಿನಿಯರಿಂಗ್, ಅರ್ಥಶಾಸ್ತ್ರ ಮತ್ತು ವಿಸ್ತರಣೆ

ಅಂತಿಮ ವರ್ಷದಲ್ಲಿ ವಿದ್ಯಾರ್ಥಿಗಳು ಗ್ರಾಮಗಳಲ್ಲಿ ಹಾಗೂ ಉದ್ಯಮಗಳಲ್ಲಿ ಕಾರ್ಯಾನುಭವ ಪಡೆಯಬೇಕಾಗುತ್ತದೆ.

ಈ ಜ್ಞಾನದ ಅಗತ್ಯವೇನು?

ಒಂದು ಉದಾಹರಣೆಯನ್ನು ಗಮನಿಸಬಹುದು. ಕೊಳದಲ್ಲಿ ಕಾಟ್ಲಾ, ರೋಹು ಸಾಕಿದ ರೈತರು ಕೆಲವೊಮ್ಮೆ ಮುಂಜಾನೆ ಮೀನುಗಳು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ತೆರೆಯುತ್ತಿರುವುದನ್ನು ಕಾಣುತ್ತಾರೆ. ಹಗಲಿನಲ್ಲಿ ಪಾಚಿಯು ಬಿಸಿಲಿನ ನೆರವಿನಿಂದ ಆಮ್ಲಜನಕವನ್ನು ಉತ್ಪಾದಿಸುತ್ತದೆ. ರಾತ್ರಿ ಅದೇ ಪಾಚಿ, ಮೀನು ಹಾಗೂ ತಳದ ಕೆಸರಿನ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಹೀಗಾಗಿ ಸೂರ್ಯೋದಯದ ವೇಳೆಗೆ ಅದರ ಪ್ರಮಾಣ ಅತಿ ಕಡಿಮೆಯಾಗಿರುತ್ತದೆ. ಮೋಡ ಕವಿದ ದಿನಗಳಲ್ಲಿ ಅಥವಾ ಗೊಬ್ಬರ, ಆಹಾರ ಹೆಚ್ಚಾದಾಗ ಒಂದೇ ರಾತ್ರಿಯಲ್ಲಿ ಇಡೀ ಫಸಲು ನಾಶವಾಗಬಹುದು. ಆಹಾರ ನೀಡುವುದನ್ನು ನಿಲ್ಲಿಸಿ, ಹೊಸ ನೀರು ಹರಿಸಿ ಅಥವಾ ಗಾಳಿಯಾಡಿಸುವ ಯಂತ್ರ ಬಳಸಿ ಮೀನುಗಳನ್ನು ಉಳಿಸಲು ಸಾಧ್ಯ. ರೋಗವೆಂದು ತಪ್ಪಾಗಿ ತಿಳಿದು ಔಷಧಿ ಸುರಿದರೆ ಹಣವೂ ಫಸಲೂ ಎರಡೂ ನಷ್ಟವಾಗುತ್ತವೆ. ಈ ವ್ಯತ್ಯಾಸವನ್ನು ಸಕಾಲದಲ್ಲಿ ಗುರುತಿಸುವುದೇ ಪದವೀಧರರ ಕೆಲಸ.

ಇಂದು ರೈತರಿಗೆ ಮೀನುಮರಿಗಳು ಸುಲಭವಾಗಿ ದೊರೆಯುವುದೂ ಇದೇ ವಿಜ್ಞಾನದ ಫಲ. ಈ ಗೆಂಡೆ ಮೀನುಗಳು ನಿಂತ ನೀರಿನಲ್ಲಿ ಸಹಜವಾಗಿ ಮೊಟ್ಟೆಯಿಡುವುದಿಲ್ಲವಾದ್ದರಿಂದ ಹಿಂದೆ ಮರಿಗಳನ್ನು ನದಿಗಳಿಂದ ಸಂಗ್ರಹಿಸಬೇಕಾಗಿತ್ತು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಅವರ ಸಹೋದ್ಯೋಗಿಯು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಇಂತಹ ಮೀನುಗಳ ಪ್ರೇರಿತ ಸಂತಾನೋತ್ಪತ್ತಿಯಲ್ಲಿ ಯಶಸ್ವಿಯಾದರು. ಇದರ ನೆನಪಿಗಾಗಿ ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವನ್ನಾಗಿ ಆಚರಿಸಲಾಗುತ್ತದೆ.

ಕರಾವಳಿಯಲ್ಲಿಯೂ ಇದೇ ಮಾತು ಅನ್ವಯಿಸುತ್ತದೆ. ರಾಜ್ಯದ ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅನೇಕ ಮೀನುಗಳ ಸಂತಾನೋತ್ಪತ್ತಿಯ ಕಾಲದಲ್ಲಿ, ಯಾಂತ್ರೀಕೃತ ಮೀನುಗಾರಿಕೆಯನ್ನು ನಿಷೇಧಿಸಲಾಗುತ್ತದೆ. ಬಂಗುಡೆ, ಬೂತಾಯಿಯಂತಹ ಮೀನುಗಳ ಬೆಳವಣಿಗೆ ಹಾಗೂ ಸಂತತಿಯ ಅಧ್ಯಯನವಿಲ್ಲದೆ ಇಂತಹ ಕ್ರಮಗಳನ್ನು ರೂಪಿಸಲಾಗದು.

ಪ್ರವೇಶ ವಿಧಾನ

1. ದ್ವಿತೀಯ ಪಿ.ಯು.ಸಿ.ಯನ್ನು ವಿಜ್ಞಾನ ವಿಭಾಗದಲ್ಲಿ ಜೀವಶಾಸ್ತ್ರದೊಂದಿಗೆ ಉತ್ತೀರ್ಣರಾಗಿರತಕ್ಕದ್ದು. ಇತರ ಕಡ್ಡಾಯ ವಿಷಯಗಳು ಹಾಗೂ ಕನಿಷ್ಠ ಅಂಕಗಳಿಗಾಗಿ ಆಯಾ ವರ್ಷದ ಮಾಹಿತಿ ಪುಸ್ತಕವನ್ನು ನೋಡುವುದು.
2. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ನಡೆಸುವ ಸಾಮಾನ್ಯ ಪ್ರವೇಶ ಪರೀಕ್ಷೆಗೆ ಹಾಜರಾಗಬೇಕು.
3. ಕೃಷಿಕರ ಕೋಟಾದಡಿ ಸೀಟು ಬಯಸುವವರು ಅರ್ಜಿಯಲ್ಲಿಯೇ ಅದನ್ನು ನಮೂದಿಸಿ, ಸಂಬಂಧಿತ ಪ್ರಮಾಣ ಪತ್ರಗಳನ್ನು ಪಡೆದಿಟ್ಟುಕೊಂಡು, ಪ್ರತ್ಯೇಕವಾಗಿ ನಡೆಯುವ ಪ್ರಾಯೋಗಿಕ ಪರೀಕ್ಷೆಗೆ ಹಾಜರಾಗಬೇಕು.
4. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಪಾಲಿನ ಸೀಟುಗಳಿಗೆ 2023ರಿಂದ ಸಿ.ಯು.ಇ.ಟಿ. ಪರೀಕ್ಷೆಯ ಮೂಲಕ ಆಯ್ಕೆ ನಡೆಯುತ್ತಿದೆ. ಇದಕ್ಕೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕು.

ಮೀಸಲಾತಿ ಬಯಸುವವರು ಜಾತಿ, ಆದಾಯ, ಗ್ರಾಮೀಣ ಹಾಗೂ ಕನ್ನಡ ಮಾಧ್ಯಮ ವ್ಯಾಸಂಗದ ಪ್ರಮಾಣ ಪತ್ರಗಳಲ್ಲಿ ತಮಗೆ ಅನ್ವಯಿಸುವವುಗಳನ್ನು ಮುಂಚಿತವಾಗಿಯೇ ಪಡೆದಿಟ್ಟುಕೊಳ್ಳುವುದು ಒಳಿತು.

ಗಮನಿಸಬೇಕಾದ ವ್ಯತ್ಯಾಸ

ಪ್ರಾಣಿಶಾಸ್ತ್ರದ ಬಿ.ಎಸ್‌ಸಿ. ಅಥವಾ ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ನಡೆಸುವ ಸಾಗರ ಜೀವಶಾಸ್ತ್ರದ ಎಂ.ಎಸ್‌ಸಿ. ಪದವಿಯು ಬಿ.ಎಫ್.ಎಸ್‌ಸಿ.ಗೆ ಸಮಾನವಲ್ಲ. ಅವು ಮೂಲ ವಿಜ್ಞಾನದ ಪದವಿಗಳು. ಹುದ್ದೆಗಳ ಅಧಿಸೂಚನೆಗಳು ನಿರ್ದಿಷ್ಟ ಪದವಿಯನ್ನು ಕೇಳುವುದರಿಂದ, ತಾವು ಬಯಸುವ ವೃತ್ತಿಗೆ ಯಾವ ಪದವಿ ಅಗತ್ಯವೆಂಬುದನ್ನು ಸೇರುವ ಮುನ್ನವೇ ಖಚಿತಪಡಿಸಿಕೊಳ್ಳಬೇಕು.

ಮುಂದಿನ ಅವಕಾಶಗಳು

ಮೀನುಗಾರಿಕೆ ಇಲಾಖೆಯ ತಾಂತ್ರಿಕ ಹುದ್ದೆಗಳು, ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗಳು, ಮೀನು ಸಂಸ್ಕರಣೆ ಮತ್ತು ರಫ್ತು ಘಟಕಗಳು, ಮೀನುಮರಿ ಉತ್ಪಾದನಾ ಕೇಂದ್ರಗಳು ಹಾಗೂ ಸ್ವಂತ ಉದ್ಯಮ ಇವು ಪದವೀಧರರ ಮುಂದಿರುವ ದಾರಿಗಳು. ಸಂಶೋಧನೆಯಲ್ಲಿ ಆಸಕ್ತಿಯುಳ್ಳವರು ಮಂಗಳೂರಿನಲ್ಲಿ ಅಥವಾ ಮುಂಬಯಿಯ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬಹುದು.

ಮೀನುಗಾರ ಕುಟುಂಬದವರಿಗೆ ಮಾತ್ರ ಈ ಪದವಿ ಎಂಬುದು ತಪ್ಪು ಕಲ್ಪನೆ. ಕೆರೆ, ಜಲಾಶಯಗಳಿರುವ ಒಳನಾಡಿನ ವಿದ್ಯಾರ್ಥಿಗಳಿಗೂ, ವಿದ್ಯಾರ್ಥಿನಿಯರಿಗೂ ಇದು ಸಮಾನವಾಗಿ ತೆರೆದಿದೆ. ಆಸಕ್ತರು ಸಾಧ್ಯವಾದರೆ ಸಮೀಪದ ಮೀನುಮರಿ ಪಾಲನಾ ಕೇಂದ್ರಕ್ಕೆ ಒಮ್ಮೆ ಭೇಟಿ ನೀಡಿ, ಅಲ್ಲಿನ ಕೆಲಸವನ್ನು ಕಣ್ಣಾರೆ ಕಂಡು, ಬಳಿಕ ತಮ್ಮ ಆಯ್ಕೆಯನ್ನು ನಮೂದಿಸಬೇಕೆಂದು ಕೋರಲಾಗಿದೆ.