ಪಾಚಿಯು ಇಟ್ಟ ಲೆಕ್ಕ

ಕಡಲ ನೀರು ತಿಳಿಯಾಗಿ ಕಂಡ ಮಾತ್ರಕ್ಕೆ
ಅದು ನಿರ್ಮಲವೆಂದು ನಂಬಬಹುದೇ?

ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ,
ಶತಮಾನಗಳ ಕಾಲ ತವರವನ್ನೂ ತಾಮ್ರವನ್ನೂ ಅಗೆದ ಗಣಿಗಳ ನೀರು
ಕಾರ್ನನ್ ನದಿಯೊಡನೆ ಇಳಿದು ಸೇರುವ
ರೆಸ್ಟ್ರಾಂಗೆಟ್ ಎಂಬ ಅಳಿವೆಯನ್ನು ನೋಡಿರಿ.

1992ರ ಜನವರಿಯಲ್ಲಿ,
ಹಿಂದಿನ ವರ್ಷವಷ್ಟೇ ಮುಚ್ಚಿದ್ದ ವೀಲ್ ಜೇನ್ ಗಣಿಯು ತುಂಬಿ,
ಹೊರನುಗ್ಗಿದ ಆಮ್ಲಜಲವು
ನದಿಯನ್ನೂ ಅಳಿವೆಯನ್ನೂ ಕಿತ್ತಳೆ ಬಣ್ಣಕ್ಕೆ ತಿರುಗಿಸಿತು.
ಆ ಬಣ್ಣ ಕಬ್ಬಿಣದ್ದು; ಎಲ್ಲರಿಗೂ ಕಂಡಿತು.
ಜೊತೆಗೆ ಕರಗಿ ಬಂದ ಸತುವೂ ಕ್ಯಾಡ್ಮಿಯಮ್ಮೂ
ಯಾರ ಕಣ್ಣಿಗೂ ಬೀಳಲಿಲ್ಲ.

ಆದರೆ ಬಂಡೆಗಂಟಿದ ಈ ಕಂದು ಕಡಲಪಾಚಿ,
ಮುಟ್ಟಿದರೆ ಲೋಳೆ,
ಒತ್ತಿದರೆ ಟಪ್ಪೆಂದು ಒಡೆಯುವ ಗಾಳಿಗುಳ್ಳೆ,
ಇದು ಅವನ್ನು ಬಲ್ಲುದು.
ಇದರ ಮೈಯಲ್ಲಿರುವ ಆಲ್ಜಿನೇಟ್ ಎಂಬ ದ್ರವ್ಯವು
ಲೋಹವನ್ನು ಬಿಗಿದಿಟ್ಟುಕೊಳ್ಳುವುದರಿಂದ,
ಬೊಗಸೆ ನೀರು ಆ ಕ್ಷಣದ ವಾರ್ತೆಯನ್ನಷ್ಟೇ ಹೇಳಿದರೆ,
ಪಾಚಿಯು ಹಳೆಯ ಶಾನುಭೋಗರ ಕಡತದಂತೆ
ತಿಂಗಳುಗಳ ಲೆಕ್ಕವನ್ನು ಇಟ್ಟಿರುವುದು.
ಎಳೆಯ ತುದಿಯಲ್ಲಿ ಸತುವು ಕಡಿಮೆ;
ಬುಡದತ್ತ ಸರಿದಂತೆ ಹೊರೆ ಹೆಚ್ಚು.

ತಳದ ಕೆಸರಿನ ಸ್ಮೃತಿಯಾದರೋ
ಇನ್ನೂ ದೀರ್ಘವಾದುದು.
ನನ್ನ ಮನಸ್ಸನ್ನು ಕಲಕಿದ ಸಂಗತಿಯೆಂದರೆ,
ಬೇರೆಡೆಯ ತಮ್ಮ ಬಂಧುಗಳನ್ನು ಕೊಲ್ಲುವಷ್ಟು ತಾಮ್ರವನ್ನು
ತಲೆತಲಾಂತರದಿಂದ ಸಹಿಸುತ್ತ,
ಆ ಕೆಸರಿನಲ್ಲಿ ಇಂದಿಗೂ
ಹುಳುಗಳು ಬದುಕಿರುವುವು.