ನೋಟವೂ ಓಟವೂ: ಮಾದರಿ ರೈಲಿನ ಪ್ರಯಾಣಿಕರ ಡಬ್ಬಿಗಳು

ಮಾದರಿ ರೈಲು ಎಂದೊಡನೆ ನಮ್ಮಲ್ಲಿ ಅನೇಕರಿಗೆ ಜಾತ್ರೆಯಲ್ಲಿ ಕೊಂಡ, ಕೀಲಿ ಕೊಟ್ಟರೆ ಒಂದು ಸುತ್ತು ಓಡಿ ನಿಲ್ಲುವ ತಗಡಿನ ಆಟಿಕೆ ನೆನಪಾಗಬಹುದು. ನಾನು ಹೇಳಹೊರಟಿರುವುದು ಅದನ್ನಲ್ಲ. ಅಮೆರಿಕ, ಇಂಗ್ಲೆಂಡ್, ಜರ್ಮನಿ ಮೊದಲಾದ ದೇಶಗಳಲ್ಲಿ ಹಿರಿಯರೂ ಕಿರಿಯರೂ ಒಂದು ಶಾಸ್ತ್ರದಂತೆ ಅಭ್ಯಾಸಮಾಡುವ ಹವ್ಯಾಸವಿದು. ನಿಜವಾದ ರೈಲನ್ನು ಗೊತ್ತಾದ ಪ್ರಮಾಣದಲ್ಲಿ ಕುಗ್ಗಿಸಿ, ವಿದ್ಯುತ್ತಿನ ಬಲದಿಂದ ಓಡಿಸುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಪ್ರಮಾಣಕ್ಕೆ ಎಚ್‌ಒ ಎಂದು ಹೆಸರು. ನಿಜದ 87 ಅಂಗುಲ ಅಲ್ಲಿ ಒಂದು ಅಂಗುಲವಾಗುತ್ತದೆ. 1435 ಮಿಲಿಮೀಟರ್ ಅಗಲದ ಹಳಿ 16.5 ಮಿಲಿಮೀಟರಿಗೆ ಇಳಿಯುತ್ತದೆ.

ಕನ್ನಡದ ಮೇಷ್ಟರಿಗೆ ಈ ಉಸಾಬರಿ ಏಕೆಂದು ತಾವು ಕೇಳಬಹುದು. ಅಮೆರಿಕದಲ್ಲಿರುವ ಮಗನ ಮನೆಯಲ್ಲಿ ಕೆಲವು ತಿಂಗಳು ಕಳೆದಾಗ ಇದು ನನ್ನ ಪಾಲಿಗೆ ಬಂತು. ಹತ್ತು ವರ್ಷದ ಮೊಮ್ಮಗನ ಬಳಿ ಆರು ಡಬ್ಬಿಗಳ ರೈಲೊಂದಿತ್ತು. 1949ರಿಂದ 1970ರವರೆಗೆ ಷಿಕಾಗೊ ನಗರಕ್ಕೂ ಪೆಸಿಫಿಕ್ ತೀರದ ಓಕ್‌ಲೆಂಡಿಗೂ ನಡುವೆ ಓಡುತ್ತಿದ್ದ, ಗಾಜಿನ ಗುಮ್ಮಟಗಳ ‘ಕ್ಯಾಲಿಫೋರ್ನಿಯಾ ಜೆಫಿರ್’ ಗಾಡಿಯ ಪ್ರತಿರೂಪವದು. ನೋಡಲು ಚೆಂದ, ಆದರೆ ಪ್ರತಿ ತಿರುವಿನಲ್ಲಿಯೂ ಹಳಿ ತಪ್ಪುತ್ತಿತ್ತು. ಹುಡುಗ ಅದನ್ನು ಪೆಟ್ಟಿಗೆಗೆ ಸೇರಿಸುವ ಯೋಚನೆಯಲ್ಲಿದ್ದ. ಕೈಯಿಂದ ಮಾಡಿ, ಕೆಟ್ಟದ್ದನ್ನು ಸರಿಪಡಿಸಿ ಸಂತೋಷಪಡುವ ವಿದ್ಯೆಯೊಂದು ಮಗುವಿನಿಂದ ಶಾಶ್ವತವಾಗಿ ದೂರವಾಗುವುದು ಇಂತಹ ಗಳಿಗೆಯಲ್ಲಿಯೇ. ಆದಕಾರಣ ನಾವಿಬ್ಬರೂ ಕುಳಿತು ಒಂದೊಂದೇ ಡಬ್ಬಿಯನ್ನು ಬಿಚ್ಚಿದೆವು.

ಮೊದಲು ಒಂದು ಮಾತಿನ ಇತ್ಯರ್ಥವಾಗಲಿ. ನಾವು ಆಡುಮಾತಿನಲ್ಲಿ ಇಡೀ ಡಬ್ಬಿಯನ್ನು ಬೋಗಿ ಎನ್ನುತ್ತೇವೆ. ಯಂತ್ರಶಾಸ್ತ್ರದಲ್ಲಿ ಬೋಗಿ ಎಂದರೆ ಡಬ್ಬಿಯ ಕೆಳಗೆ ಎರಡು ತುದಿಗಳಲ್ಲಿ ಇರುವ, ತನ್ನ ನಡುಗೂಟದ ಮೇಲೆ ತಿರುಗಬಲ್ಲ ಗಾಲಿಗಳ ಚೌಕಟ್ಟು. ಇಲ್ಲಿ ನಾನು ಆ ಅರ್ಥದಲ್ಲಿಯೇ ಬಳಸುತ್ತೇನೆ.

ಓಟದ ವಿಚಾರದಲ್ಲಿ ಪ್ರಥಮ ಸ್ಥಾನ ಗಾಲಿಗೆ ಸಲ್ಲಬೇಕು. ಒಂದೇ ಅಚ್ಚಿನ ಎರಡು ಗಾಲಿಗಳ ನಡುವಣ ಅಂತರ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಹಳಿ ಕವಲೊಡೆಯುವೆಡೆಯಲ್ಲಿ ಡಬ್ಬಿ ಎಡವುತ್ತದೆ. ಇದನ್ನು ಅಳೆಯಲು ತಗಡಿನ ಅಳತೆಪಟ್ಟಿಯೊಂದು ದೊರೆಯುತ್ತದೆ. ಪ್ಲಾಸ್ಟಿಕ್ ಗಾಲಿಗಳು ಕೊಳೆಯನ್ನು ಹಿಡಿದು ಹಳಿಯುದ್ದಕ್ಕೂ ಹರಡುವುದರಿಂದ ಲೋಹದ ಗಾಲಿಗಳೇ ಮೇಲು. ಅಮೆರಿಕದ ಪ್ರಯಾಣಿಕರ ಡಬ್ಬಿಗೆ ಸಾಮಾನ್ಯವಾಗಿ 36 ಅಂಗುಲ ವ್ಯಾಸದ ಗಾಲಿ. ಮಾದರಿಯಲ್ಲಿ ಅದು ಸುಮಾರು ಹತ್ತೂವರೆ ಮಿಲಿಮೀಟರು. ಸರಕು ಗಾಡಿಯ ಚಿಕ್ಕ ಗಾಲಿ ಹಾಕಿದರೆ ಡಬ್ಬಿ ಕುಳ್ಳಾಗಿ ಕಾಣುವುದಲ್ಲದೆ ಕೊಂಡಿಯ ಎತ್ತರವೂ ತಪ್ಪುತ್ತದೆ.

ಎರಡನೆಯದು ಬೋಗಿಯ ಬಿಗಿ. ನಾಲ್ಕು ಕಾಲಿನ ಮಣೆ ಏರುತಗ್ಗಿನ ನೆಲದಲ್ಲಿ ಕುಣಿಯುತ್ತದೆ, ಮುಕ್ಕಾಲಿ ಕುಣಿಯುವುದಿಲ್ಲ. ಈ ತತ್ತ್ವವನ್ನು ಡಬ್ಬಿಗೂ ಅನ್ವಯಿಸಬೇಕು. ಒಂದು ತುದಿಯ ಬೋಗಿಯ ತಿರುಪನ್ನು, ಅದು ಸುತ್ತ ತಿರುಗುವಷ್ಟು ಮಾತ್ರ ಎಡೆಯಿರುವಂತೆ, ಪಕ್ಕಕ್ಕೆ ಓಲಾಡದಂತೆ ಬಿಗಿಯಬೇಕು. ಇನ್ನೊಂದು ತುದಿಯದನ್ನು ತಿರುಗುವುದಕ್ಕೂ ಓಲಾಡುವುದಕ್ಕೂ ಅವಕಾಶವಿರುವಂತೆ ಸಡಿಲಬಿಡಬೇಕು. ಆಗ ಡಬ್ಬಿ ನೆಟ್ಟಗೆ ನಿಲ್ಲುತ್ತದೆ. ಎಂಟು ಗಾಲಿಗಳೂ ಕಂಬಿಯನ್ನು ಬಿಡುವುದಿಲ್ಲ. ಖರ್ಚಿಲ್ಲದ ಈ ಒಂದು ಉಪಾಯದಿಂದಲೇ ನಮ್ಮ ಆರರಲ್ಲಿ ಮೂರು ಡಬ್ಬಿಗಳು ದಾರಿಗೆ ಬಂದವು.

ಮೂರನೆಯದು ತೂಕ. ಅಮೆರಿಕದ ಮಾದರಿ ರೈಲುಗಾರರ ರಾಷ್ಟ್ರೀಯ ಸಂಘ 1935ರಲ್ಲಿ ಸ್ಥಾಪಿತವಾಯಿತು. ಅದು ಶಿಫಾರಸು ಮಾಡಿರುವ ಸೂತ್ರ ಹೀಗಿದೆ: ಎಚ್‌ಒ ಪ್ರಮಾಣದ ಡಬ್ಬಿಗೆ ಮೂಲತಃ ಒಂದು ಔನ್ಸು, ಆಮೇಲೆ ಉದ್ದದ ಪ್ರತಿ ಅಂಗುಲಕ್ಕೆ ಅರ್ಧ ಔನ್ಸು. ನಿಜದ 85 ಅಡಿಯ ಡಬ್ಬಿ ಮಾದರಿಯಲ್ಲಿ ಸುಮಾರು 11.7 ಅಂಗುಲವಾಗುವುದರಿಂದ ಅದರ ತೂಕ ಏಳು ಔನ್ಸಿಗೆ ತುಸು ಕಡಿಮೆ, ಎಂದರೆ 195 ಗ್ರಾಂ ಆಸುಪಾಸು ಇರಬೇಕು. ಹಗುರವಾದ ಡಬ್ಬಿ ಉದ್ದದ ಗಾಡಿಯ ನಡುವೆ ಸಿಕ್ಕಿದರೆ, ತಿರುವಿನಲ್ಲಿ ಎಂಜಿನಿನ ಸೆಳೆತಕ್ಕೆ ಒಳಮಗ್ಗುಲಿಗೆ ಉರುಳುತ್ತದೆ. ಅತಿ ಭಾರವಾದರೆ ಎಂಜಿನ್ ಸೋಲುತ್ತದೆ. ತೂಕವನ್ನು ನೆಲಹಾಸಿನ ಮಟ್ಟದಲ್ಲಿ, ಎರಡು ತುದಿಗಳಿಗೂ ಸಮನಾಗಿ ಹಂಚಬೇಕು. ಗುಮ್ಮಟದ ಡಬ್ಬಿಗೆ ತಲೆಭಾರ ಹೆಚ್ಚಾದ್ದರಿಂದ ಈ ಎಚ್ಚರಿಕೆ ಅಲ್ಲಿ ಇಮ್ಮಡಿ ಅಗತ್ಯ. ಮಕ್ಕಳು ಕೈಹಾಕುವ ಕೆಲಸವಾದ್ದರಿಂದ ಸೀಸದ ಬದಲು ಉಕ್ಕಿನ ನಟ್ಟುಗಳನ್ನು ಅಂಟಿಸುವುದು ಕ್ಷೇಮ.

ನಾಲ್ಕನೆಯದಾದ ಕೊಂಡಿಯಲ್ಲಿ ನೋಟವೂ ಓಟವೂ ಪರಸ್ಪರ ಎದುರಾಗುತ್ತವೆ. ಅಗ್ಗದ ಡಬ್ಬಿಗಳಲ್ಲಿ ಕೊಂಡಿಯನ್ನು ಬೋಗಿಗೇ ಜೋಡಿಸಿರುತ್ತಾರೆ. ಬಿರುಸಾದ ತಿರುವಿನಲ್ಲಿ ಅದು ಬೋಗಿಯೊಡನೆ ತಿರುಗುವುದು ಅನುಕೂಲವೇ. ಆದರೆ ಗಾಡಿಯನ್ನು ಹಿಂದಕ್ಕೆ ತಳ್ಳಿದಾಗ ಒತ್ತಡವೆಲ್ಲ ಬೋಗಿಯ ಮೇಲೆ ಬಿದ್ದು ಗಾಲಿ ಹಳಿಯಿಂದ ಜಾರುತ್ತದೆ. ಡಬ್ಬಿಗಳ ನಡುವೆ ಮನುಷ್ಯ ನುಸುಳುವಷ್ಟು ಸಂದೂ ಕಾಣುತ್ತದೆ. ಕೊಂಡಿಯನ್ನು ಡಬ್ಬಿಯ ಮೈಗೇ ಜೋಡಿಸಿದರೆ ಈ ಎರಡು ದೋಷಗಳೂ ನೀಗುತ್ತವೆ. ಆದರೆ ತಿರುವು ವಿಶಾಲವಾಗಬೇಕು. ಡಬ್ಬಿಯ ಉದ್ದದ ಮೂರರಷ್ಟು ತ್ರಿಜ್ಯವಿದ್ದರೆ ಓಟ ನಂಬಿಕೆಗೆ ಅರ್ಹವಾಗುತ್ತದೆಂಬುದು ಅನುಭವಿಗಳ ಲೆಕ್ಕ. ಉದ್ದದ ಡಬ್ಬಿಗೆ ಅದು ಸುಮಾರು 35 ಅಂಗುಲ. ಆರಂಭಿಕರ ಪೆಟ್ಟಿಗೆಗಳಲ್ಲಿ ಬರುವ ತಿರುವು ಸಾಮಾನ್ಯವಾಗಿ 18 ಅಂಗುಲದ್ದು. ಅಲ್ಲಿ ಪೂರ್ಣ ಉದ್ದದ ಡಬ್ಬಿಯ ನಡು ಒಳಕ್ಕೂ ತುದಿ ಹೊರಕ್ಕೂ ಚಾಚಿ ವಿಕಾರವಾಗಿ ತೋರುತ್ತದೆ.

ಅದಕ್ಕಾಗಿಯೇ ಕೆಲವು ತಯಾರಕರು 85 ಅಡಿಯ ಡಬ್ಬಿಯನ್ನು 72 ಅಡಿಗೆ ಸರಿಹೊಂದುವಂತೆ ಮೊಟಕುಮಾಡಿ ಮಾರಿದರು. ಅಳತೆಯ ನಿಷ್ಠರಿಗೆ ಇದು ಅಪಚಾರ. ನನ್ನ ಅಭಿಪ್ರಾಯ ಬೇರೆ. ಹನ್ನೊಂದನೆಯ ಶತಮಾನದ ಕ್ಷೇಮೇಂದ್ರ ಕಾವ್ಯಕ್ಕೆ ಔಚಿತ್ಯವೇ ಜೀವವೆಂದು ವಾದಿಸಿದ. ಅಲಂಕಾರ ತನ್ನಷ್ಟಕ್ಕೆ ಎಷ್ಟೇ ಚೆಂದವಾಗಿದ್ದರೂ ತಕ್ಕ ಸ್ಥಾನದಲ್ಲಿ ಇರದಿದ್ದರೆ ಶೋಭಿಸದು. ಡಬ್ಬಿಯೂ ಹಾಗೆಯೇ. ಇಕ್ಕಟ್ಟಾದ ಕೋಣೆಯಲ್ಲಿ ಮೊಟಕಾದ ಡಬ್ಬಿಯೇ ನಿಜವಾದ ರೈಲಿನಂತೆ ಬಳುಕಿ ಹೋಗುತ್ತದೆ. ಸ್ಥಳವಿದ್ದವರು ಪೂರ್ಣ ಉದ್ದದ್ದನ್ನು ಇಟ್ಟುಕೊಳ್ಳಲಿ.

ಓಟ ಸರಿಹೋದ ಮೇಲೆ ನೋಟ. ಖಾಲಿ ಡಬ್ಬಿಯ ದೊಡ್ಡ ಕೊರತೆ ಅದರ ಒಳಗಿನ ಟೊಳ್ಳು. ಆಸನಗಳಿಗೆ ಬಣ್ಣ ಬಳಿದು, ಹತ್ತಾರು ಪ್ರಯಾಣಿಕರನ್ನು ಕೂರಿಸಿ, ಕಿಟಕಿಯ ಪರದೆಗಳನ್ನು ಒಂದೊಂದನ್ನು ಒಂದೊಂದು ಎತ್ತರಕ್ಕೆ ಇಳಿಸಿದರೆ ಡಬ್ಬಿಗೆ ಜೀವ ಬರುತ್ತದೆ. ಬಣ್ಣದ ಡಬ್ಬಿಗಳ ಪ್ಲಾಸ್ಟಿಕ್ ಹೊಳಪನ್ನು ತೆಳುವಾದ ಮಬ್ಬು ವಾರ್ನಿಷಿನಿಂದ ಅಡಗಿಸಬಹುದು. ಆದರೆ ಜೆಫಿರಿನಂತಹ ತುಕ್ಕುಹಿಡಿಯದ ಉಕ್ಕಿನ ಗಾಡಿಗೆ ಹೊಳಪೇ ಸಹಜವಾದ್ದರಿಂದ ಅಲ್ಲಿ ಚಾವಣಿಗೂ ಅಡಿಭಾಗಕ್ಕೂ ಕೊಂಚ ಧೂಳಿನ ಬಣ್ಣ ಸಾಕು. ಡಬ್ಬಿಗಳ ನಡುವಣ ಸಂದನ್ನು ಮುಚ್ಚುವ ಮಡಿಕೆಯ ಹೊದಿಕೆ ಮೃದುವಾಗಿರಬೇಕು; ಗಡುಸಾದರೆ ತಿರುವಿನಲ್ಲಿ ಒಂದನ್ನೊಂದು ಒತ್ತಿ ಹಳಿ ತಪ್ಪಿಸುತ್ತವೆ.

ದೀಪದ ವಿಷಯದಲ್ಲಿ ಮಿತಿ ಬೇಕು. ಹಿಂದಿನ ಪುಟ್ಟ ಬಲ್ಬುಗಳ ಶಾಖಕ್ಕೆ ಚಾವಣಿ ಸೊಟ್ಟಗಾಗುವ ಭಯವಿತ್ತು. ಈಗಿನ ಎಲ್‌ಇಡಿಗೆ ಆ ಭಯವಿಲ್ಲ. ಹಳದಿ ಛಾಯೆಯ ಮಂದ ಬೆಳಕೇ ಒಪ್ಪುತ್ತದೆ. ವಿದ್ಯುತ್ತನ್ನು ಗಾಲಿಯಿಂದ ಪಡೆಯುವ ಲೋಹದ ತಂತಿ ಅಚ್ಚಿಗೆ ಒತ್ತಿ ಉಜ್ಜಿದರೆ ಅದೇ ಒಂದು ಬ್ರೇಕಿನಂತಾಗುತ್ತದೆ. ತಂತಿ ಸಣ್ಣದಾಗಿ, ಸ್ಪರ್ಶ ಹಗುರವಾಗಿರಬೇಕು. ಹಳಿಯ ಕೊಳೆಯಿಂದ ದೀಪ ಮಿಣುಕುವುದನ್ನು ತಡೆಯಲು ವಿದ್ಯುತ್ತನ್ನು ಗಳಿಗೆಯ ಮಟ್ಟಿಗೆ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಒಂದನ್ನು ಜೋಡಿಸುತ್ತಾರೆ.

ಹೀಗೆ ನೋಟಕ್ಕಾಗಿ ಕೂಡಿಸಿದ ಒಂದೊಂದು ವಸ್ತುವೂ ಓಟದ ಮೇಲೆ ಪರಿಣಾಮ ಬೀರುತ್ತದೆ. ಪ್ರಯಾಣಿಕರಿಂದ ತೂಕ ಏರುತ್ತದೆ, ದೀಪದಿಂದ ಎಳೆತ ಹೆಚ್ಚುತ್ತದೆ, ಹೊದಿಕೆಯಿಂದ ತಿರುವು ಕಷ್ಟವಾಗುತ್ತದೆ. ಆದ್ದರಿಂದ ಕೆಲಸದ ಕ್ರಮ ಮುಖ್ಯ. ಮೊದಲು ಒಂದೇ ಡಬ್ಬಿಯನ್ನು ಆರಿಸಿಕೊಳ್ಳಿ. ಗಾಲಿ, ಬೋಗಿ, ತೂಕ, ಕೊಂಡಿ ಈ ಕ್ರಮದಲ್ಲಿ ಸರಿಪಡಿಸಿ, ಸ್ವಲ್ಪವೇ ಓರೆಯಾದ ಹಲಗೆಯ ಹಳಿಯ ಮೇಲಿಟ್ಟು ತಾನಾಗಿ ಉರುಳುವುದೇ ನೋಡಿ. ಬಳಿಕ ಒಂದು ಅಲಂಕಾರವನ್ನು ಕೂಡಿಸಿ, ಮತ್ತೆ ಉರುಳಿಸಿ ನೋಡಿ. ಅದು ಮುಂದಕ್ಕೂ ಹಿಂದಕ್ಕೂ ನಿರಾತಂಕವಾಗಿ ಓಡಿದ ಮೇಲೆಯೇ ಎರಡನೆಯ ಡಬ್ಬಿಯನ್ನು ಮುಟ್ಟಬೇಕು. ಮಕ್ಕಳಿಗೆ ಈ ಕೆಲಸದಲ್ಲಿ ಪಾಲು ಕೊಡಿ. ತಿರುಪುಳಿಯನ್ನು ಅವರ ಕೈಗೇ ಕೊಟ್ಟು, ದೊಡ್ಡವರು ಪಕ್ಕದಲ್ಲಿ ಕುಳಿತಿದ್ದರೆ ಸಾಕು.